ಲಾಗರ್‌ಗೆ ಹೊದಿಸಿದ ಸೊಲ್ಲಾಪುರ ಚಾದರ

ಕಳೆದ ವರ್ಷ ಏಪ್ರಿಲ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ, ನಾನು ಸಿಯಾಟಲ್ ಹತ್ತಿರದ ಡುವಾಲ್‌ನಲ್ಲಿರುವ ಗೆಳೆಯ ಗುರುನಾಥನ ಗ್ಯಾರೇಜಿನಲ್ಲಿ, ಅವನ ಹಳೆಯ ಡೀಪ್ ಫ್ರೀಜರಿಗೂ ಗೋಡೆಗೆ ಒರಗಿಸಿಟ್ಟ ಚಳಿಗಾಲದ ಟೈರುಗಳಿಗೂ ನಡುವಿನ ಇಕ್ಕಟ್ಟಿನಲ್ಲಿ ನಿಂತಿದ್ದೆ. ಭಾರವೆಲ್ಲ ಎಡಗಾಲಿನ ಮೇಲಿತ್ತು. ಬಲಪಾದದ ಮೇಲೆ ಅವರ ಮುದಿ ನಾಯಿ ಬುಂದಿ ತಲೆಯಿಟ್ಟು ಮಲಗಿತ್ತು. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ಆ ಬೆಳಗಿನ ಬಗ್ಗೆ ಈಗ ನಮ್ಮ ನಮ್ಮಲ್ಲೇ ಎರಡು ಮೂರು ಪಾಠಾಂತರಗಳು ಹುಟ್ಟಿಕೊಂಡಿವೆ, ಒಂದೊಂದು ಔತಣಕ್ಕೂ ಅವು ಸ್ವಲ್ಪ ಸ್ವಲ್ಪ ಬೆಳೆಯುತ್ತಿವೆ. ನಾನು ಕಂಡದ್ದು ಇಷ್ಟೇ: ಬಿಳಿಯ ಪ್ಲಾಸ್ಟಿಕ್ ಡಬ್ಬಿಯೊಂದರ ಮುಚ್ಚಳಕ್ಕೆ ಸಿಕ್ಕಿಸಿದ್ದ, ಅರ್ಧ ನೀರು ತುಂಬಿದ ಪುಟ್ಟ ಕೊಳವೆಯಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು.

ಒಂದು ಗುಳ್ಳೆಗೆ ಇಷ್ಟು ದೊಡ್ಡ ಪೀಠಿಕೆಯೇ ಎಂದು ನೀವು ಕೇಳಬಹುದು. ಲಾಗರ್ ಬಿಯರನ್ನು ಮನೆಯಲ್ಲಿ ಮಾಡಿದವರು ಮಾತ್ರ ಕೇಳಲಾರರು. ನಾನು ಮಾಡಿದವನಲ್ಲ, ಮಾಡುವವನ ಪಕ್ಕದಲ್ಲಿ ನಿಂತು ಸಲಹೆ ಕೊಡುವವನು. ಆದರೂ ತಿಳಿದಷ್ಟು ಹೇಳುತ್ತೇನೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರಸವನ್ನು, ಬೆಟ್ಟದಾಚೆಯ ಯಾಕಿಮಾದಿಂದ ಬರುವ ಕಹಿ ಹಾಪ್ಸ್ ಹೂವಿನ ಜೊತೆ ಕುದಿಸಿ, ತಣಿಸಿ, ಡಬ್ಬಿಗೆ ಸುರಿದು, ಯೀಸ್ಟ್ ಹಾಕಿ ಮುಚ್ಚುತ್ತಾರೆ. ಒಳಗಿನ ಅನಿಲ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ಅದಕ್ಕಾಗಿಯೇ ಮುಚ್ಚಳದ ಮೇಲೆ ಆ ನೀರಿನ ಕೊಳವೆ. ಹುದುಗು ಏಳತೊಡಗಿತೆಂಬುದಕ್ಕೆ ಅದರಲ್ಲಿ ಏಳುವ ಗುಳ್ಳೆಯೇ ಸಾಕ್ಷಿ. ಬೇರೆ ಬಗೆಯ ಬಿಯರುಗಳು ಕೋಣೆಯ ಬೆಚ್ಚನೆಯಲ್ಲಿ ರಾತ್ರಿ ಕಳೆಯುವುದರೊಳಗೆ ಬುಳಬುಳ ಸದ್ದು ಮಾಡುತ್ತವಂತೆ. ಲಾಗರ್ ಹಾಗಲ್ಲ. ಅದರ ಯೀಸ್ಟಿಗೆ ಚಳಿ ಬೇಕು, ಡುವಾಲ್‌ನ ಏಪ್ರಿಲ್ ಬೆಳಗಿನಂಥ ಚಳಿ. ಆ ಚಳಿಯಲ್ಲಿ ಅದು ಮೈ ಮುರಿದು ಏಳುವುದಕ್ಕೆ ಒಂದು ದಿನ ಹಿಡಿಯಬಹುದು, ಎರಡು ದಿನ, ಮೂರು ದಿನವೂ ಹಿಡಿಯಬಹುದು. ಅಷ್ಟು ಹೊತ್ತೂ ಹೊರಗಿನಿಂದ ನೋಡುವವರಿಗೆ ಅದು ಬದುಕಿದೆಯೋ ಸತ್ತಿದೆಯೋ ತಿಳಿಯುವುದಿಲ್ಲ. ಮಾಡಿದವನ ತಪ್ಪುಗಳೆಲ್ಲ ನಡೆಯುವುದು ಈ ಮೌನದ ಅವಧಿಯಲ್ಲೇ. ಮುಚ್ಚಳ ತೆಗೆದು ನೋಡುತ್ತಾನೆ, ಇನ್ನಷ್ಟು ಯೀಸ್ಟ್ ಸುರಿಯುತ್ತಾನೆ, ಅಥವಾ ಪಾಪ, ಚಳಿಯಾಗುತ್ತಿರಬೇಕು ಎಂದು ಬೆಚ್ಚಗೆ ಮಾಡುತ್ತಾನೆ.

ಈ ಕೊನೆಯ ತಪ್ಪಿನಲ್ಲಿ ನಮ್ಮವರಷ್ಟು ಪಳಗಿದವರು ಪ್ರಪಂಚದಲ್ಲಿ ಯಾರೂ ಇರಲಾರರು. ಸಿಯಾಟಲ್ ಸುತ್ತಿನ ಕನ್ನಡದ ಮನೆಗಳಲ್ಲಿ ಓವನ್ ಎಂಬುದು ಅಡುಗೆಯ ಉಪಕರಣವೇ ಅಲ್ಲ. ಅದು ದೋಸೆ ಹಿಟ್ಟಿನ ಬಾಣಂತಿಕೋಣೆ. ವರ್ಷದಲ್ಲಿ ಎಂಟು ತಿಂಗಳು ಇಲ್ಲಿನ ಅಡುಗೆಮನೆಯಲ್ಲಿ ಹಿಟ್ಟು ಉಬ್ಬುವುದಿಲ್ಲವಾದ್ದರಿಂದ, ರುಬ್ಬಿದ ಪಾತ್ರೆಯನ್ನು ಓವನ್ನಿನೊಳಗಿಟ್ಟು, ಕೇವಲ ಅದರ ದೀಪ ಹಾಕಿ, ಮಲಗುತ್ತೇವೆ. ಬೆಳಿಗ್ಗೆ ಎದ್ದವರು ಹಲ್ಲುಜ್ಜುವ ಮೊದಲು ಅಲ್ಲಿ ಬಗ್ಗಿ ಇಣುಕುತ್ತಾರೆ. ಇಲ್ಲೇ ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ನ ನಮ್ಮ ಮನೆಗೆ ಬಂದ ಹೊಸದರಲ್ಲಿ ನಾನು ಮಗನಿಗೆ ಪಿಜ್ಜಾ ಬಿಸಿ ಮಾಡಲು ಹೊರಟು, ಒಳಗೇನಿದೆಯೆಂದು ನೋಡದೆ ಓವನ್ ಹೊತ್ತಿಸಿ, ಎಂಟು ಜನ ಅತಿಥಿಗಳಿಗೆಂದು ರುಬ್ಬಿದ್ದ ಹಿಟ್ಟನ್ನು ಪಾತ್ರೆಸಮೇತ ಬೇಯಿಸಿ, ದೋಸೆ, ಇಡ್ಲಿ, ಕೇಕು ಮೂರರ ಹೆಸರನ್ನೂ ಹೇಳಿಕೊಳ್ಳಲಾಗದ ಒಂದು ಘನಪದಾರ್ಥವನ್ನು ಸೃಷ್ಟಿಸಿದ್ದೆ. ಅಂದಿನಿಂದ ಓವನ್ನಿನ ಗುಂಡಿಯ ಮೇಲೆ 'ಒಳಗೆ ಹಿಟ್ಟಿದೆ' ಎಂಬ ಹಳದಿ ಚೀಟಿ ಅಂಟಿದೆ. ಹಿಟ್ಟು ಇಲ್ಲದ ದಿನವೂ ಅದನ್ನು ಕೀಳುವ ಧೈರ್ಯ ನನ್ನ ಹೆಂಡತಿಗಿಲ್ಲ.

ಕಾಯುವುದು ನಮಗೆ ಗೊತ್ತಿಲ್ಲವೆಂದಲ್ಲ. ಗೃಹಪ್ರವೇಶದಲ್ಲಿ ಹಾಲು ಉಕ್ಕುವುದನ್ನು ನೋಡಲು ಐವತ್ತು ಜನ ಒಲೆಯ ಸುತ್ತ ನಿಲ್ಲುತ್ತೇವೆ, ನಿಜ. ಆದರೆ ಆಗಲೂ ಒಬ್ಬರಲ್ಲ ಒಬ್ಬರು ಮೆಲ್ಲಗೆ ಕೈ ಚಾಚಿ ಉರಿ ಹೆಚ್ಚಿಸುತ್ತಾರೆ.

ಮಾತಿನಲ್ಲೂ ನಾವು ಹೀಗೆಯೇ. ಎದುರಿನವರು ಒಂದು ವಾಕ್ಯ ಆರಂಭಿಸಿದರೆ ನಾವು 'ಹೂಂ ಹೂಂ' ಎನ್ನುತ್ತ, 'ಹೌದೌದು' ಎನ್ನುತ್ತ, ಅದು ಮುಗಿಯುವ ಮೊದಲೇ ಅರ್ಧ ದಾರಿಗೆ ಹೋಗಿ ಎದುರುಗೊಂಡು, ಉಳಿದ ಅರ್ಧವನ್ನು ನಾವೇ ಹೊತ್ತು ತರುತ್ತೇವೆ. ಇದು ಅಸಭ್ಯತೆಯೆಂದು ನಮಗೆ ಎಂದೂ ಅನ್ನಿಸಿಲ್ಲ, ಇದೇ ಪ್ರೀತಿ. ಸುಮ್ಮನೆ ಕುಳಿತು ಪೂರ್ತಿ ಕೇಳುವವನನ್ನು ಕಂಡರೆ, ಇವನಿಗೆ ನನ್ನ ಮೇಲೇನೋ ಕೋಪವಿದೆ ಎಂದುಕೊಳ್ಳುವವರು ನಾವು.

ಗುರುನಾಥ ಇದರಲ್ಲಿ ನಮಗೆಲ್ಲ ಗುರು. ಗದಗದವನು, ಅವನ ಬಾಯಿ ನಮ್ಮ ಗುಂಪಿನಲ್ಲೇ ಅತ್ಯಂತ ಚುರುಕು. ನಾನು ಸಿಯಾಟಲ್ ಪೇಟೆಯ ಡೆನ್ನಿ ಟ್ರಯಾಂಗಲ್‌ನ ಗಾಜಿನ ಕಟ್ಟಡವೊಂದರಲ್ಲಿ ಹೊಟ್ಟೆಪಾಡು ನಡೆಸುತ್ತಿದ್ದರೂ, ವಾರಾಂತ್ಯಗಳಲ್ಲಿ ನಮ್ಮವರ ಹುಟ್ಟುಹಬ್ಬ, ಸೀಮಂತ, ಬೀಳ್ಕೊಡುಗೆಗಳಿಗೆಲ್ಲ ಖಾಯಂ ಭಾಷಣಕಾರ. ನಾನು ಮೈಕು ಹಿಡಿದೊಡನೆ ಹಿಂದಿನ ಸಾಲಿನಿಂದ ಅವನ ದನಿ ಬರುತ್ತಿತ್ತು: "ಲೇ ಮೈಸೂರು, ಲಗೂ ಮುಗಸೋ. ನಿನ್ನ ಪೀಠಿಕಿ ಮುಗಿಯೂದ್ರಾಗ ನನ್ನ ಲಾಗರ್ ತಯಾರಾಗಿ ಖಾಲೀನೂ ಆಗತೈತಿ!" ಇಷ್ಟು ಅವಸರದ ಮನುಷ್ಯ ಎಲ್ಲ ಬಿಟ್ಟು ಲಾಗರ್ ಮಾಡುವುದನ್ನು ಹವ್ಯಾಸ ಮಾಡಿಕೊಂಡದ್ದು ನನಗೆ ಎಂದೂ ಬಿಡಿಸದ ಒಗಟು. ಕೇಳಿದರೆ, "ಅದೊಂದರ ಮುಂದ ನಂದೇನೂ ನಡಿಯೂದಿಲ್ಲೋ" ಎನ್ನುತ್ತಿದ್ದ.

ಆ ಏಪ್ರಿಲ್ಲಿನ ಹಿಂದಿನ ಶರತ್ಕಾಲದಲ್ಲಿ, ಅಂಗಳದ ಎಲೆ ಗುಡಿಸುತ್ತಿದ್ದವನು ಕುಸಿದ. ಪಾರ್ಶ್ವವಾಯು. ಜೀವ ಉಳಿಯಿತು, ಕಾಲು ಬಹುಮಟ್ಟಿಗೆ ಹಿಂದಿರುಗಿತು, ಬಲಗೈ ಅರೆಮನಸ್ಸಿನಿಂದ ಬಂದಿತು. ಮಾತು ಬರಲಿಲ್ಲ. ಇಲ್ಲವೆಂದಲ್ಲ, ತಲೆಯೊಳಗೆ ಎಲ್ಲವೂ ಇತ್ತು, ಕಣ್ಣಿನಲ್ಲಿ ಕಾಣುತ್ತಿತ್ತು. ಒಂದು ಶಬ್ದ ಹೊರಬಂದರೆ ಮುಂದಿನದು ಎಲ್ಲೋ ದೂರದ ಬಾವಿಯಿಂದ ಸೇದಿ ತರಬೇಕಾದಂತೆ ತಡವಾಗುತ್ತಿತ್ತು. ಆ ತಡದಲ್ಲಿ ನಾವು ನುಗ್ಗುತ್ತಿದ್ದೆವು. ಅವನು "ನೀ..." ಎಂದರೆ ಸಾಕು, ನಾನು "ನೀರಾ? ನೀರು ಬೇಕಾ?" ಎಂದು ಓಡಿ ಲೋಟ ತಂದು ಕೊಡುತ್ತಿದ್ದೆ. ಅವನು ನನ್ನ ಮುಖ ನೋಡಿ, ಮರ್ಯಾದೆಗೆಂದು ಕುಡಿಯುತ್ತಿದ್ದ. ಒಂದು ಮಧ್ಯಾಹ್ನ ಹೀಗೆ ನಾಲ್ಕನೆಯ ಲೋಟ ತಂದಾಗ ಅವನ ಹೆಂಡತಿ ವೀಣಾ, "ಅಣ್ಣಾರ, ಅವರು ನೀರು ಕೇಳಾಕತ್ತಿಲ್ರಿ. ನೀ ಊಟಾ ಮಾಡಿ ಹೋಗು ಅನ್ನಾಕತ್ತಾರ" ಎಂದರು. ಅವರೂ ಊಹಿಸಿದ್ದೇ. ಗುರು ಕಣ್ಣು ಮುಚ್ಚಿಕೊಂಡ. ಅವನು ನಿಜವಾಗಿ ಏನು ಹೇಳಲು ಹೊರಟಿದ್ದನೆಂದು ನಮ್ಮಿಬ್ಬರಿಗೂ ಇಂದಿಗೂ ಗೊತ್ತಿಲ್ಲ.

ಮಾತು ಕಲಿಸಲು ಬರುತ್ತಿದ್ದ ತಜ್ಞೆ, ಬೆಳ್ಳಿಕೂದಲಿನ ಸಮಾಧಾನದ ಹೆಂಗಸು, ಮನೆಯವರನ್ನೆಲ್ಲ ಕೂರಿಸಿ ಒಂದೇ ನಿಯಮ ಹೇಳಿದರು: ಅವರ ವಾಕ್ಯವನ್ನು ಯಾರೂ ಮುಗಿಸಬೇಡಿ. ಎಷ್ಟು ಹೊತ್ತಾದರೂ ಸರಿ, ಕಾಯಿರಿ. ನಾವು ಸಹಾಯವೆಂದುಕೊಂಡದ್ದು ಅವನ ದಾರಿಗೆ ಅಡ್ಡ ನಿಲ್ಲುತ್ತಿತ್ತಂತೆ. ನಾವೆಲ್ಲ ಅವರ ಮಾತಿಗೆ 'ಹೌದೌದು, ಖಂಡಿತ' ಎಂದೆವು, ಅವರು ಹೇಳಿ ಮುಗಿಸುವ ಮೊದಲೇ.

ಈಗ ಮುಖ್ಯ ವಿಷಯ. ಗುರುವಿನ ಮಗಳು ಅನಘಾಳ ಮದುವೆ ಜೂನ್ ಕೊನೆಗೆಂದು ನಿಶ್ಚಯವಾಗಿತ್ತು. ಹುಡುಗ ಇಲ್ಲಿಯವನೇ, ಬಿಳಿಯ ಹುಡುಗ, ತಾಳ್ಮೆಯಿಂದ ಚಪಾತಿ ಲಟ್ಟಿಸುವವನು. ಕಣಿವೆಯ ಒಂದು ತೋಟದಲ್ಲಿ, ಇಲ್ಲಿ ಮದುವೆಗಳಿಗೆಂದೇ ಬಾಡಿಗೆಗೆ ಕೊಡುವಂಥ ದೊಡ್ಡ ಕೊಟ್ಟಿಗೆಯಲ್ಲಿ ಬೆಳಿಗ್ಗೆ ನಮ್ಮ ಧಾರೆ, ಸಂಜೆ ಅವರ ಪದ್ಧತಿಯ ಊಟ. ಆ ಊಟದಲ್ಲಿ ಹುಡುಗಿಯ ತಂದೆ ಎದ್ದು ನಿಂತು, ಗ್ಲಾಸು ಎತ್ತಿ, ನಾಲ್ಕು ಮಾತು ಹೇಳಬೇಕು. ಗುರುನಾಥ ಇದಕ್ಕಾಗಿ ಅವಳು ಹೈಸ್ಕೂಲಿನಲ್ಲಿದ್ದಾಗಿನಿಂದ ಕಾಯುತ್ತಿದ್ದವನು. "ಬಿಯರು ನಂದು, ಮಾತೂ ನಂದು" ಎಂದು ಸಾರಿಬಿಟ್ಟಿದ್ದ. ಈಗ ಬಿಯರು ಅವನದಾಗುವುದು ಸಾಧ್ಯವಿತ್ತು, ಕುಡಿಯುವುದಕ್ಕೆ ವೈದ್ಯರ ಅಪ್ಪಣೆ ಒಂದು ಗುಟುಕಿಗೆ ಮಾತ್ರವಿದ್ದರೂ. ಮಾತಿನ ವಿಷಯಕ್ಕೆ ಅನಘಾ ನನ್ನನ್ನು ಪಕ್ಕಕ್ಕೆ ಕರೆದು, "ಅಂಕಲ್, ಅಪ್ಪನ ಸ್ಪೀಚ್ ನೀವು ಓದ್ತೀರಾ? ಐ ಡೋಂಟ್ ವಾಂಟ್ ಹಿಮ್ ಟು ಸಫರ್ ಅಪ್ ದೇರ್" ಎಂದಳು. ಕನ್ನಡ ಅರ್ಧ, ಇಂಗ್ಲಿಷ್ ಅರ್ಧ, ಕಣ್ಣೀರು ಪೂರ್ತಿ. ನಾನು ಒಪ್ಪಿದೆ. ಇಷ್ಟೇ ಅಲ್ಲ, ಸತ್ಯವಾಗಿ ಹೇಳಬೇಕೆಂದರೆ, ದಾರಿಯಲ್ಲಿ ಕಾರು ನಡೆಸುತ್ತಲೇ ಎರಡು ಒಳ್ಳೆಯ ವಾಕ್ಯಗಳನ್ನೂ ಹೊಳೆಯಿಸಿಕೊಂಡೆ.

ಆ ಭಾನುವಾರಕ್ಕೆ ಮೊದಲಿನ ಗುರುವಾರ ಗುರು ಬಿಯರು ಕುದಿಸಿದ. ಎತ್ತುವ, ಸುರಿಯುವ ಕೆಲಸಕ್ಕೆ ವೀಣಾ ಮತ್ತು ನಾನು. ಅಳತೆ, ಹದ, ಚಳಿ ಅವನದು, ಎಡಗೈಯಿಂದ. ಡಬ್ಬಿ ಫ್ರೀಜರಿನೊಳಗೆ ಹೋಯಿತು. ಅದಕ್ಕೊಂದು ಯಂತ್ರ ಸಿಕ್ಕಿಸಿ, ತೀರಾ ಹೆಪ್ಪುಗಟ್ಟದಂತೆ ಬೇಕಾದಷ್ಟೇ ತಣ್ಣಗಿರುವಂತೆ ಮಾಡಿಟ್ಟಿದ್ದ. ಶುಕ್ರವಾರ ಗುಳ್ಳೆಯಿಲ್ಲ. ಲಾಗರ್ ಪಕ್ವವಾಗಲು ವಾರಗಟ್ಟಲೆ ಬೇಕು. ಇದು ಕೆಟ್ಟರೆ ಇನ್ನೊಂದಕ್ಕೆ ಜೂನಿನೊಳಗೆ ಸಮಯವಿರಲಿಲ್ಲ.

ಶನಿವಾರ ನಾನು ಹೋದಾಗ ಗುರು ಅನಘಾಳ ಜೊತೆ ಅಭ್ಯಾಸದ ನಡಿಗೆಗೆ ಹೋಗಿದ್ದ. ವೀಣಾ ಗ್ಯಾರೇಜಿನಲ್ಲಿ ಫ್ರೀಜರಿನ ಬಾಗಿಲೆತ್ತಿ ನಿಂತಿದ್ದರು.

"ಅಣ್ಣಾರ, ಇನ್ನೂ ಏನೂ ಸಪ್ಪಳಿಲ್ಲ ನೋಡ್ರಿ. ಹಿಂಗ ಥಂಡ್ಯಾಗ ಇಟ್ರ ಹೆಂಗ ಉಬ್ಬತೈತಿ? ನಮ್ಮ ದ್ವಾಸಿ ಹಿಟ್ಟರ ಉಬ್ಬತೈತೇನು?"

"ಅಲ್ಲ ವೀಣಾ, ಅವನು ಮುಟ್ಟಬೇಡಿ ಅಂದಿದ್ದ ಅಲ್ವಾ?"

"ಎಲ್ಲಿ ಅಂದಾರ್ರಿ? ಮು... ಅಂದ್ರು, ಅಷ್ಟ."

ನಾನು ಡಬ್ಬಿಯನ್ನು ಮುಟ್ಟಿ ನೋಡಿದೆ. ಐಸಿನಂತಿತ್ತು. ನನ್ನೊಳಗಿನ ಮೂವತ್ತು ವರ್ಷದ ದೋಸೆಭಕ್ತ ಎಚ್ಚೆತ್ತ. ಹೀಗೆ ಇಬ್ಬರೂ ವಿದ್ಯಾವಂತರು, ಇಬ್ಬರೂ ಗುರುವಿನ ಹಿತೈಷಿಗಳು, ಸೇರಿ ಆ ಡಬ್ಬಿಯನ್ನು ಹೊರಗೆತ್ತಿದೆವು. ವೀಣಾ ಒಳಗಿನಿಂದ ಸೊಲ್ಲಾಪುರ ಚಾದರ ತಂದರು, ಗದಗದಿಂದ ಬಂದ ಒಂದೊಂದು ಸೂಟ್‌ಕೇಸಿನ ತಳದಲ್ಲೂ ಹಾಸಿಗೆಯಂತೆ ಹಾಸಿಕೊಂಡು ಬರುವ ಆ ದಪ್ಪ, ಕೆಂಪು ಹೂವಿನ ಚಾದರ. ಡಬ್ಬಿಗೆ ಕತ್ತಿನವರೆಗೆ ಸುತ್ತಿ, ಮೇಲೆ ಕೊಳವೆಯೊಂದೇ ಇಣುಕುವಂತೆ ಬಿಟ್ಟು, ಸೊಂಟನೋವಿಗೆ ಇಟ್ಟುಕೊಳ್ಳುವ ಬಿಸಿಚೀಲವನ್ನೂ ಒಳಗೆ ತುರುಕಿದೆವು. ಎಣ್ಣೆಸ್ನಾನ ಮಾಡಿಸಿದ ಕೂಸನ್ನು ಮಲಗಿಸಿದಂತೆ ಕಾಣುತ್ತಿತ್ತು. ನಮಗೆ ಬಹಳ ಸಮಾಧಾನವಾಯಿತು.

ಗುರು ಬಂದ. ಬಾಗಿಲಲ್ಲೇ ನಿಂತು ನೋಡಿದ. ಬಾಯಿ ತೆರೆದ, ಏನೋ ಹೊರಟಿತು, "ಏ..." ನಾನು ಕೂಡಲೇ, "ಏನಿಲ್ಲ ಗುರು, ಸ್ವಲ್ಪ ಬೆಚ್ಚಗಿರಲಿ ಅಂತ ಅಷ್ಟೆ. ಥ್ಯಾಂಕ್ಸ್ ಎಲ್ಲ ಬೇಡ" ಎಂದೆ. ವೀಣಾ, "ಏಳತೈತ್ರಿ, ಈಗ ಏಳತೈತಿ, ಚಿಂತಿ ಮಾಡಬ್ಯಾಡ್ರಿ" ಎಂದರು. ಇಬ್ಬರೂ ಅವನ ವಾಕ್ಯದ ಒಂದೊಂದು ತುದಿ ಹಿಡಿದು ಎಳೆಯುತ್ತಿದ್ದೆವು.

ಅವನು ಬಾಯಿ ಮುಚ್ಚಿದ. ಡಬ್ಬಿಯ ಬಳಿ ಬಂದು, ಕುಕ್ಕರಗಾಲಿನಲ್ಲಿ ಕೂರಲಾಗದೆ ಮಂಡಿಯೂರಿ, ಎಡಗೈಯಿಂದ ಚಾದರ ಬಿಚ್ಚತೊಡಗಿದ. ಒಂದು ಸುತ್ತು, ಇನ್ನೊಂದು ಸುತ್ತು. ಬಿಸಿಚೀಲವನ್ನು ತೆಗೆದು ನನ್ನ ಕೈಗೆ ಕೊಟ್ಟ. ಚಾದರವನ್ನು ತನ್ನ ಎದೆಗೆ ಒತ್ತಿ ಹಿಡಿದು, ಬಲಗೈಯನ್ನೂ ಒತ್ತಾಯದಿಂದ ಸೇರಿಸಿಕೊಂಡು, ಅಂಚಿಗೆ ಅಂಚು ಕೂಡಿಸಿ ಮಡಿಸಿದ. ನಾನು ಸಹಾಯಕ್ಕೆಂದು ಮುಂದೆ ಹೋದೆ. ಅವನು ತಲೆಯೆತ್ತಿ ನನ್ನನ್ನು ನೋಡಿದ ಆ ನೋಟವನ್ನು ನಾನು ವರ್ಣಿಸುವುದಿಲ್ಲ. ಅದರಲ್ಲಿ ಸಿಟ್ಟಿದ್ದರೆ ಚೆನ್ನಾಗಿತ್ತು. ನಾನು ನಿಂತಲ್ಲೇ ನಿಂತೆ. ಡಬ್ಬಿಯನ್ನು ಮತ್ತೆ ಚಳಿಗೆ ಎತ್ತಿಡಲು ಮಾತ್ರ ಅವನು ನನಗೆ ಕೈ ಸನ್ನೆ ಮಾಡಿದ. ಆಮೇಲೆ ಒಳಗೆ ಹೋಗಿ ಮಲಗಿಬಿಟ್ಟ, ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ ಎಂದು ಸಂಜೆ ವೀಣಾ ಫೋನಿನಲ್ಲಿ ಹೇಳಿದರು.

ಭಾನುವಾರ ಬೆಳಿಗ್ಗೆ ನಾನು ಹೋದದ್ದು ಗಟ್ಟಿಮನಸ್ಸಿನಿಂದಲ್ಲ. ಗ್ಯಾರೇಜಿನಲ್ಲಿ ಫ್ರೀಜರಿನ ಬಾಗಿಲು ಎತ್ತಿತ್ತು. ಎದುರಿಗೆ ಮಡಚುವ ಕುರ್ಚಿಯ ಮೇಲೆ ಗುರು. ಅವನ ಎಡಕ್ಕೆ ವೀಣಾ, ಬಾಗಿಲ ಮೆಟ್ಟಿಲ ಮೇಲೆ ಅನಘಾ, ನನ್ನ ಪಾದದ ಮೇಲೆ ಬುಂದಿ. ಕೊಳವೆಯ ನೀರು ಕನ್ನಡಿಯಂತೆ ನಿಂತಿತ್ತು. ವೀಣಾ ಮೆಲ್ಲಗೆ, ಬಿಯರು ಅಂಗಡಿಯಿಂದಲೇ ತರಿಸಿದರಾಯಿತು, ಅದೇನು ದೊಡ್ಡದು ಎಂದರು. ಅನಘಾ, ಇನ್ನೂ ಮೆಲ್ಲಗೆ, "ಮತ್ತೆ ಅಂಕಲ್ ಸ್ಪೀಚ್ ಓದ್ತಾರಪ್ಪಾ. ಇಟ್ಸ್ ಓಕೆ. ರಿಯಲಿ" ಎಂದಳು. ಅಲ್ಲಿಗೆ ಎರಡೂ ಅವನ ಕೈಬಿಟ್ಟಂತಾಯಿತು, ಬಿಯರೂ ಮಾತೂ. ನಮ್ಮಲ್ಲಿ ಯಾರಿಗೂ ಅವನ ಮೇಲೆ ಪ್ರೀತಿ ಕಡಿಮೆಯಿರಲಿಲ್ಲ. ಅದೇ ತೊಂದರೆ.

ಗುರು ತಲೆಯೆತ್ತಿದ. "ನಾ..." ಎಂದ.

ನನ್ನ ನಾಲಗೆಯ ತುದಿಯಲ್ಲಿ ಆರು ಶಬ್ದಗಳು ಸಿದ್ಧವಾಗಿದ್ದವು. ನುಂಗಿದೆ. ವೀಣಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅನಘಾ ಉಸಿರು ಬಿಡಲಿಲ್ಲ. ಅವನ ತುಟಿ ಅಲುಗಿತು, ನಿಂತಿತು, ಹಣೆಯ ನರ ಎದ್ದಿತು. ಹೊರಗೆ ರಸ್ತೆಯಲ್ಲಿ ಯಾರದೋ ಟ್ರಕ್ಕು ಹೋಯಿತು, ಅದರ ಸದ್ದು ಪೂರ್ತಿ ಕರಗುವವರೆಗೂ ಅವನು ಅಲ್ಲೇ ಇದ್ದ. ಒಬ್ಬ ಮನುಷ್ಯನ ಎದುರಿಗೆ ಅಷ್ಟು ಹೊತ್ತು ಏನೂ ಮಾಡದೆ ನಾನು ಹಿಂದೆಂದೂ ನಿಂತಿರಲಿಲ್ಲ. ಅದು ಎಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಅವನಿಗೆ ಇನ್ನೆಷ್ಟು ಕಷ್ಟವೆಂಬುದೂ ಆಗಲೇ ಮೊದಲ ಸಲ ಹೊಳೆಯಿತು.

ಆ ಮೌನದಲ್ಲಿ ಫ್ರೀಜರಿನೊಳಗಿಂದ 'ಗುಳುಕ್' ಎಂದಿತು.

"...ಹೇಳತೀನಿ," ಎಂದ ಗುರು. ಮತ್ತೆ ನಿಂತ. ಈಗ ನನ್ನ ಕಡೆ ತಿರುಗಿದ. "ನೀ..."

ನಾನು ನೀರು ತರಲು ಹೋಗಲಿಲ್ಲ.

"...ಗ್ಲಾಸ್... ತುಂಬು."

ಮೊದಲು ನಕ್ಕದ್ದು ಅನಘಾ, ಅಳುತ್ತಲೇ. ನನ್ನ ಎರಡು ಒಳ್ಳೆಯ ವಾಕ್ಯಗಳು ಅಲ್ಲಿಗೆ ನಿರುದ್ಯೋಗಿಗಳಾದವು.

ಹೀಗೆ ಜೂನ್ ಕೊನೆಯ ಸಂಜೆ, ಜೀವನದಲ್ಲಿ ಮೊದಲ ಬಾರಿಗೆ, ಒಂದು ಮದುವೆಯಲ್ಲಿ ನನ್ನ ಕೈಯಲ್ಲಿ ಮೈಕಿನ ಬದಲು ಬಿಯರಿನ ಜಗ್ಗು ಇತ್ತು. ಗುರು ಎದ್ದು ನಿಂತ. ಕೊಟ್ಟಿಗೆಯ ತುಂಬ ಎರಡು ಕಡೆಯ ಬಂಧುಗಳು. ಅವನು ಶಬ್ದದಿಂದ ಶಬ್ದಕ್ಕೆ ಹೋಗುವಷ್ಟರಲ್ಲಿ ನಮ್ಮ ಕಡೆಯವರ ತುಟಿಗಳು ಸಹಾಯಕ್ಕೆ ಹೊರಟು ಹೊರಟು ಹಿಂದೆ ಬರುತ್ತಿದ್ದವು. ವೀಣಾ ಎಲ್ಲರಿಗೂ ಮೊದಲೇ ತಾಕೀತು ಮಾಡಿದ್ದರು. ಅವನು ಏನು ಹೇಳಿದನೆಂದು ನಾನು ಬರೆಯಬೇಕಿತ್ತು, ಆದರೆ ನಾನಿದ್ದದ್ದು ದೂರದ ಬಾಗಿಲ ಬಳಿ, ಹಿಂದಿನ ಮೇಜಿಗೆ ತುಂಬಿಸುತ್ತ. ನನಗೆ ಸ್ಪಷ್ಟವಾಗಿ ಕೇಳಿಸಿದ್ದು ಮಗಳ ಹೆಸರು, ಬಹಳ ಹೊತ್ತಿನ ಮೇಲೆ, "ಕುಡೀರಿ." ಕೇಳದ್ದನ್ನು ಊಹಿಸಿ ತುಂಬಿಸುವ ಅಭ್ಯಾಸವನ್ನು ನಾನು ಬಿಟ್ಟಿದ್ದೇನೆ, ಬಿಡುತ್ತಿದ್ದೇನೆ. ಬಿಯರು ಚೆನ್ನಾಗಿತ್ತೆಂದು ತಿಳಿದವರು ಹೇಳಿದರು. ಗುರು ತನ್ನ ಪಾಲಿನ ಒಂದು ಗುಟುಕನ್ನು ಬಾಯಲ್ಲಿ ಹೊರಳಾಡಿಸಿ, ನನ್ನನ್ನು ಹತ್ತಿರ ಕರೆದು, ಸಾವಕಾಶವಾಗಿ, ಒಂದೊಂದು ಶಬ್ದವನ್ನೂ ಚಪ್ಪರಿಸುತ್ತ ಹೇಳಿದ: "ಚಾದರದ... ವಾಸನಿ... ಐತಿ." ಬೆಚ್ಚಗಾದ ಲಾಗರಿಗೆ ಕೊಂಚ ಹಣ್ಣಿನ ವಾಸನೆ ಬರುತ್ತದಂತೆ. ವೀಣಾ ಮಾತ್ರ, ಅಂದು ಅದು ಎದ್ದದ್ದೇ ತಮ್ಮ ಚಾದರದ ಶಾಖದಿಂದ ಎಂದು ಈಗಲೂ ವಾದಿಸುತ್ತಾರೆ. ಅನಘಾ ಅದು ಹೇಗಿದ್ದರೂ ಏಳುತ್ತಿತ್ತು ಎನ್ನುತ್ತಾಳೆ. ಗುರು ಇಬ್ಬರ ಮಾತನ್ನೂ ಪೂರ್ತಿ ಕೇಳುತ್ತಾನೆ. ಹಾಗೆ ಪೂರ್ತಿ ಕೇಳುವವನು ನಮ್ಮಲ್ಲಿ ಅವನೊಬ್ಬನೇ.

ಇನ್ನು ನನ್ನ ಹೇಳಿಕೆಯಲ್ಲೊಂದು ತಿದ್ದುಪಡಿ. ಗುಳ್ಳೆಯನ್ನು ಕಂಡೆನೆಂದು ಆರಂಭದಲ್ಲಿ ಬರೆದೆ. ಕಾಣಲಿಲ್ಲ. ಅದು ಎದ್ದಾಗ ನಾನು ಗುರುವಿನ ಬಾಯನ್ನು ನೋಡುತ್ತಿದ್ದೆ, ಅಲ್ಲಿದ್ದವರೆಲ್ಲರೂ ಅದನ್ನೇ ನೋಡುತ್ತಿದ್ದರು. ಗುಳ್ಳೆಯನ್ನು ಕೇಳಿದೆವು, ಅಷ್ಟೆ. ಕಂಡದ್ದು ಅವನ ತುಟಿಯ ಮೇಲೆ ಎದ್ದುಬಂದ ಆ ವಾಕ್ಯವನ್ನು. ಅದಕ್ಕೆ ನಾನಲ್ಲದೆ ಸಾಕ್ಷಿಗಳು: ಡುವಾಲ್‌ನಲ್ಲಿರುವ ವೀಣಾ; ಈಗ ಪೋರ್ಟ್‌ಲ್ಯಾಂಡಿನಲ್ಲಿ ಸಂಸಾರ ಹೂಡಿರುವ ಅನಘಾ; ಹೇಳಿದವನೇ ಆದ ಗುರುನಾಥ, ಈ ವಾರ ಕರೆ ಮಾಡಿ ನನ್ನ ಜೊತೆ ಕಾಲು ಗಂಟೆಯಲ್ಲಿ ಮೂರು ವಾಕ್ಯ ಮಾತಾಡಿದವನು. ಬುಂದಿ ಚಳಿಗಾಲದಲ್ಲಿ ಹೋಯಿತು. ಅದು ನಿದ್ದೆಯಲ್ಲಿದ್ದುದರಿಂದ ಅದರ ಸಾಕ್ಷ್ಯ ಹೇಗೂ ನಿಲ್ಲುತ್ತಿರಲಿಲ್ಲ. ಇನ್ನೊಬ್ಬರಿದ್ದಾರೆ. ಆ ಡಬ್ಬಿಯ ತಳದಲ್ಲಿ ಉಳಿದ ಯೀಸ್ಟನ್ನು ಗುರು ಒಂದು ಜಾಡಿಗೆ ತುಂಬಿಕೊಟ್ಟಿದ್ದಾನೆ, ಮುಂದಿನ ಸಲಕ್ಕೆಂದು. ನಮ್ಮ ಫ್ರಿಜ್ಜಿನಲ್ಲಿ, ದೋಸೆ ಹಿಟ್ಟಿನ ಪಕ್ಕದಲ್ಲಿ, ಅದು ಬದುಕಿದೆ. ನೋಡಿದರೆ ಗೊತ್ತಾಗುವುದಿಲ್ಲ.